ಡಿಗ್ರಿಯಪ್ಪನ ಕೊಂಬಿನ ಕನ್ನಡಕ

ಹಾಲು ಪರೀಕ್ಷೆ ಮಾಡುವುದಕ್ಕೆ ಕಣ್ಣು ಬೇಕು ಎಂದು ನಂಬಿದವರು ಡಿಗ್ರಿಯಪ್ಪನನ್ನು ನೋಡಿರಲಿಲ್ಲ ಎಂದೇ ಹೇಳಬೇಕು.

ಊರಿನ ಹಾಲು ಡೈರಿಯ ಜಗಲಿಯಲ್ಲಿ, ಒಂದು ಕಾಲು ಗಿಡ್ಡವಾಗಿ ಸದಾ ಕುಂಟುವ ಸ್ಟೂಲಿನ ಮೇಲೆ ಅವನು ಕೂರುತ್ತಿದ್ದ. ತಂದವರ ಹಾಲನ್ನು ಉದ್ದನೆಯ ಜಾಡಿಗೆ ಸುರಿದುಕೊಂಡು ಅದರೊಳಗೆ ಲ್ಯಾಕ್ಟೋಮೀಟರು ಎಂಬ ಗಾಜಿನ ಕಡ್ಡಿಯನ್ನು ಇಳಿಬಿಡುವುದು ಅವನ ಕೆಲಸ. ಕಡ್ಡಿಯ ಬುಡ ದಪ್ಪ, ಕತ್ತು ಸಣ್ಣ, ಕತ್ತಿನ ಮೇಲೆ ಇರುವೆ ಕಾಲಿನಂಥ ಅಂಕಿಗಳು. ಹಾಲು ಗಟ್ಟಿಯಿದ್ದರೆ ಕಡ್ಡಿ ತೇಲುತ್ತದೆ, ನೀರು ಸೇರಿದ್ದರೆ ಮುಳುಗುತ್ತದೆ. ಎಷ್ಟು ಮುಳುಗಿತು ಎಂದು ನೋಡಿ 'ಮೂವತ್ತು ಡಿಗ್ರಿ', 'ಇಪ್ಪತ್ತಾರು ಡಿಗ್ರಿ' ಎಂದು ಕೂಗಬೇಕು. ಮೂವತ್ತರ ಆಸುಪಾಸು ಬಂದರೆ ಒಳ್ಳೆಯ ಹಾಲು. ಇಪ್ಪತ್ತೈದಕ್ಕಿಂತ ಇಳಿದರೆ ತಂದವರು ತಲೆ ತಗ್ಗಿಸಿಕೊಂಡು ಹೋಗಬೇಕು. ಹೀಗೆ ಕೂಗಿ ಕೂಗಿ ತಂದೆತಾಯಿ ಇಟ್ಟ ಹೆಸರು ಅಳಿಸಿಹೋಗಿ, ಕಾಲೇಜಿನ ಕಾಂಪೌಂಡನ್ನೂ ಮುಟ್ಟದವನು ಊರಿಗೆಲ್ಲ ಡಿಗ್ರಿಯಪ್ಪನಾಗಿದ್ದ.

ಅವನ ಕಣ್ಣು ಮಂಜಾಗಿ ಕೆಲವು ವರ್ಷಗಳೇ ಆಗಿದ್ದವು. ಅದರಿಂದ ಕೆಲಸಕ್ಕೇನೂ ಅಡ್ಡಿಯಾಗಿರಲಿಲ್ಲ. ಅಂಕಿ ಕಾಣದಿದ್ದರೇನಾಯಿತು, ಆಳು ಗೊತ್ತಾಗುತ್ತಿತ್ತಲ್ಲ. ಬರುವವರ ನಡಿಗೆ, ಕೆಮ್ಮು, ಕ್ಯಾನಿನ ಸದ್ದು, ಇಷ್ಟರಿಂದಲೇ ಅವನು ಡಿಗ್ರಿ ನಿಶ್ಚಯಿಸುತ್ತಿದ್ದ. ಡೈರಿಯ ಅಧ್ಯಕ್ಷರ ಮನೆಯ ದೊಡ್ಡ ಕ್ಯಾನು ಬಂತೆಂದರೆ ಮೂವತ್ತೊಂದು. ಅವರಿಗೆ ಬೇಕಾದವರದು ಇಪ್ಪತ್ತೊಂಬತ್ತು. ಮಾತಾಡಿಸಿದರೆ ನಗುವವರದು ಇಪ್ಪತ್ತೆಂಟು. ಸಾಲಿನ ಕೊನೆಯಲ್ಲಿ ಸಣ್ಣ ತಂಬಿಗೆ ಹಿಡಿದು ಒಂಟಿ ಹಸುವಿನ ಅಜ್ಜಿ ಬಂದರೆ ಇಪ್ಪತ್ನಾಲ್ಕು. ಅಜ್ಜಿ ಬಡಕಲು, ಹಸುವೂ ಬಡಕಲು, ಹಾಲೊಂದು ಮಾತ್ರ ಗಟ್ಟಿಯಾಗಿರಲು ಹೇಗೆ ಸಾಧ್ಯ ಎಂಬುದು ಅವನ ಶಾಸ್ತ್ರ. ಈ ಶಾಸ್ತ್ರದ ಮೇಲೆ ಡೈರಿ ಯಾವ ಗಲಾಟೆಯೂ ಇಲ್ಲದೆ ನಡೆದುಕೊಂಡು ಬಂದಿತ್ತು.

ಕೆಟ್ಟದ್ದು ಒಂದು ಮಂಜಿನ ಮುಂಜಾನೆ. ಅಧ್ಯಕ್ಷರ ಮನೆಯ ಆಳು ಜ್ವರವೆಂದು ಬಾರದೆ, ಅಧ್ಯಕ್ಷರೇ ತಲೆಯಿಂದ ಮಂಡಿಯವರೆಗೆ ಕಂಬಳಿ ಹೊದ್ದು, ಚಳಿಗೆ ಸೊಂಟ ಬಗ್ಗಿಸಿಕೊಂಡು, ದೊಡ್ಡ ಕ್ಯಾನನ್ನು ಹೊರಗೆ ಗಾಡಿಯಲ್ಲೇ ಬಿಟ್ಟು, ಪರೀಕ್ಷೆಗೆಂದು ಒಂದು ತಂಬಿಗೆಯಲ್ಲಿ ಹಾಲು ತಂದರು. ಡಿಗ್ರಿಯಪ್ಪನ ಕಣ್ಣಿಗೆ ಕಂಡದ್ದು ಒಂದು ಕಂಬಳಿ, ಒಂದು ಗೂನು, ಒಂದು ತಂಬಿಗೆ. ಕಡ್ಡಿ ಇಳಿಬಿಟ್ಟವನೇ ಗಂಟಲು ಸರಿಮಾಡಿಕೊಂಡ.

"ಏನಜ್ಜೀ, ಇಪ್ಪತ್ತೆರಡು! ನಿನ್ನ ಹಸು ಹಾಲು ಕೊಡುತ್ತೋ, ಬಾವಿ ನೀರು ಕೊಡುತ್ತೋ? ಹಲ್ಲೆಲ್ಲ ಉದುರಿದ ಮೇಲೂ ನೀರು ಬೆರೆಸೋ ಬುದ್ಧಿ ಹೋಗಲಿಲ್ಲವಲ್ಲ ನಿಂದು!"

ಕಂಬಳಿ ಸರಿಯಿತು. ಒಳಗಿನಿಂದ ದಪ್ಪ ಮೀಸೆ ಹೊರಗೆ ಬಂತು.

"ಯಾರಯ್ಯಾ ಅಜ್ಜಿ?"

ಡಿಗ್ರಿಯಪ್ಪ ಎದ್ದು ನಿಂತ. ಸ್ಟೂಲು ಬಿತ್ತು. ಸಾಲಿನಲ್ಲಿದ್ದವರು ನಗಬಾರದೆಂದು ಕೆಮ್ಮತೊಡಗಿದರು. ಆ ಹೊತ್ತಿನಲ್ಲಿ ಯಾರಾದರೂ ಒಬ್ಬರು ಬಗ್ಗಿ ಜಾಡಿಯೊಳಗಿನ ಕಡ್ಡಿಯನ್ನು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎಲ್ಲರೂ ಅಧ್ಯಕ್ಷರ ಮುಖ ನೋಡುತ್ತಿದ್ದರು.

"ನನ್ನ ಮೀಸೆ ಕಾಣದವನಿಗೆ ಹಾಲಿನ ಡಿಗ್ರಿ ಏನಯ್ಯಾ ಕಾಣುತ್ತೆ? ಕೇಳು. ಮೇಲಿನ ಕಚೇರಿಯಿಂದ ಅಧಿಕಾರಿಗಳು ತಪಾಸಣೆಗೆ ಬರ್ತಾರೆ. ಅಷ್ಟರೊಳಗೆ ಕನ್ನಡಕ ಹಾಕ್ಕೊಂಡು ಕೂತಿರಬೇಕು. ಇಲ್ಲ ಅಂದ್ರೆ ಆ ಸ್ಟೂಲಿನ ಮೇಲೆ ನಮ್ಮ ಅಕ್ಕನ ಮಗ ಕೂರ್ತಾನೆ. ಅವನಿಗೆ ಕಣ್ಣು ಚೆನ್ನಾಗಿದೆ, ಮನೇಲಿ ಸುಮ್ಮನೆ ಬಿದ್ದಿದ್ದಾನೆ."

ಡಿಗ್ರಿಯಪ್ಪನಿಗೆ ಹೊಲವಿಲ್ಲ, ಬೇರೆ ವಿದ್ಯೆ ಬಾರದು. ಕುಂಟಿದರೂ ಆ ಸ್ಟೂಲೇ ಅವನ ಸಿಂಹಾಸನ.

ಮಾರನೆಯ ದಿನವೇ ಹೆಂಡತಿ ಅವನನ್ನು ಪೇಟೆಯ ಕಣ್ಣಿನ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಳು. ದೂರದ್ದೂ ಹತ್ತಿರದ್ದೂ ಎರಡೂ ಹೋಗಿದೆ ಎಂದು ಹೇಳಿ ಡಾಕ್ಟರು ನಂಬರು ಬರೆದುಕೊಟ್ಟರು. ಅಲ್ಲಿಂದ ನೇರ ಕನ್ನಡಕದಂಗಡಿಗೆ ಹೋಗಿ, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಏರಿಸಿಕೊಂಡು ಬಂದಿದ್ದರೆ ಸರಿಹೋಗುತ್ತಿತ್ತು. ಆದರೆ ದಾರಿಯಲ್ಲಿ ಷಡ್ಡಕನ ಮನೆ ಇತ್ತು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ನೋಂದಣಿ ಕಚೇರಿಯ ಗುಮಾಸ್ತ. ಒಂದೇ ಮನೆಯ ಇಬ್ಬರು ಅಳಿಯಂದಿರು ಹೇಗಿರುತ್ತಾರೋ ಇವರೂ ಹಾಗೇ ಇದ್ದರು. ಒಬ್ಬ ಛತ್ರಿ ಕೊಂಡರೆ ಇನ್ನೊಬ್ಬನಿಗೆ ಅದಕ್ಕಿಂತ ದೊಡ್ಡದನ್ನು ಕೊಳ್ಳುವವರೆಗೆ ನಿದ್ದೆ ಇರುತ್ತಿರಲಿಲ್ಲ. ಷಡ್ಡಕನಿಗೆ ಆಗಲೇ ಚಿನ್ನದ ಬಣ್ಣದ ಲೋಹದ ಕನ್ನಡಕ ಬಂದಿತ್ತು. ಅದನ್ನು ಅವನು ಮೂಗಿನ ತುದಿಗೆ ಇಳಿಸಿಕೊಂಡು, ಅದರ ಮೇಲಿನಿಂದ ಲೋಕವನ್ನು ನೋಡುತ್ತಿದ್ದ.

"ಏನು ಷಡ್ಡಕರೇ, ನಿಮಗೂ ಬಂತಾ ಕನ್ನಡಕ? ತಗೊಳ್ಳಿ ತಗೊಳ್ಳಿ. ಆದರೆ ಸುಮ್ಮನೆ ಈ ಥರದ್ದಕ್ಕೆಲ್ಲ ಕೈಹಾಕಬೇಡಿ. ನಮಗಾದರೆ ಕಚೇರಿ, ನಾಲ್ಕು ಜನ ದೊಡ್ಡವರು ಬರ್ತಾರೆ ಹೋಗ್ತಾರೆ. ನಿಮ್ಮದು ಸಗಣಿ, ಗಂಜಳದ ಮಧ್ಯೆ ಕೆಲಸ. ಪ್ಲಾಸ್ಟಿಕ್ ಸಾಕು. ಹಗ್ಗ ಕಟ್ಕೊಳ್ಳಿ, ಬೀಳಲ್ಲ."

"ಅಲ್ವಾ ಮತ್ತೆ," ಎಂದಳು ಹೆಂಡತಿ. "ಕಂಡರೆ ಸಾಕು ನಮಗೆ."

ಡಿಗ್ರಿಯಪ್ಪ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದ. "ನೀನು ಇಲ್ಲೇ ತಂಗಿ ಜೊತೆ ಮಾತಾಡ್ತಾ ಇರು. ನಾನು ಹೋಗಿ ಬರ್ತೀನಿ," ಎಂದವನ ಧ್ವನಿ ಕೇಳಿದ್ದರೆ ಯಾರಾದರೂ ಕದನಕ್ಕೆ ಹೊರಟನೆಂದೇ ತಿಳಿಯಬೇಕಿತ್ತು.

ಕನ್ನಡಕದಂಗಡಿಯವನು ಗಿರಾಕಿಯ ಮುಖ ನೋಡಿಯೇ ಬುಡ ತಿಳಿಯುವ ಜಾತಿಯವನು. ಡಾಕ್ಟರ ಚೀಟಿಯನ್ನು ನೋಡಿದಂತೆ ಮಾಡಿ ಪಕ್ಕಕ್ಕಿಟ್ಟ.

"ಯಜಮಾನ್ರೇ, ಗಾಜು ಅನ್ನೋದು ಯಾರಾದರೂ ಹಾಕ್ತಾರೆ. ಮನುಷ್ಯನ ಯೋಗ್ಯತೆ ಗೊತ್ತಾಗೋದು ಫ್ರೇಮಿನಲ್ಲಿ. ಯಾವುದರಲ್ಲಿ ಬೇಕು? ಇಗೋ, ಪ್ಲಾಸ್ಟಿಕ್. ಹಗುರ, ಬಿದ್ದರೆ ಏನೂ ಆಗಲ್ಲ, ಶಾಲೆ ಮಕ್ಕಳಿಗೆಲ್ಲ ಇದನ್ನೇ..."

"ತೆಗೀರಿ ಅದನ್ನ."

"ಲೋಹದ್ದು? ಚಿನ್ನದ ನೀರು ಹತ್ತಿಸಿದ್ದು, ನೋಡೋಕೆ ಲಕ್ಷಣ. ಒಂದೇ ಏನೂಂದ್ರೆ, ಕೆಲವರ ಬೆವರಿಗೆ ಆಗಲ್ಲ. ಬಣ್ಣ ಹೋಗುತ್ತೆ. ಮೂಗಿನ ಮೇಲೆ ಹಸಿರು ಕಟ್ಟುತ್ತೆ, ಬಾವಿ ಮೆಟ್ಟಿಲಿಗೆ ಪಾಚಿ ಕಟ್ಟಿದ ಹಾಗೆ."

ಡಿಗ್ರಿಯಪ್ಪನ ಮುಖ ಅರಳಿತು. "ಪಾಚಿ ಕಟ್ಟುತ್ತಾ? ನಿಜವಾಗ್ಲೂ? ಇನ್ನೊಂದ್ಸಲ ಹೇಳಿ."

ಅಂಗಡಿಯವನು ಇನ್ನೊಂದು ಸಲ ಹೇಳಿದ. ಆಮೇಲೆ ಬೂದು ಬಣ್ಣದ ಒಂದನ್ನು ತೆಗೆದು ಅಂಗೈ ಮೇಲೆ ಊದಿದ. "ಟೈಟಾನಿಯಂ. ವಿಮಾನಕ್ಕೆ ಹಾಕೋ ಲೋಹ. ತುಕ್ಕಿಲ್ಲ, ತೂಕ ಇಲ್ಲ. ಹಾಕ್ಕೊಂಡಿರೋದೇ ಗೊತ್ತಾಗಲ್ಲ."

"ಹಾಕ್ಕೊಂಡಿರೋದೇ ಗೊತ್ತಾಗದಿದ್ದರೆ ಹಾಕ್ಕೊಂಡು ಏನು ಬಂತು?"

"ಸರಿ, ಇದು ಹತ್ತಿ ನಾರಿನಿಂದ ಮಾಡಿದ್ದು. ಪ್ಲಾಸ್ಟಿಕ್ ಹಾಗೇ ಕಾಣುತ್ತೆ, ಆದರೆ ಬೇರೆ ಕುಲ."

"ಹತ್ತಿ ಅಂದ ಮೇಲೆ ಒದ್ದೆಯಾದರೆ ಮುದುರಲ್ವಾ?"

"ಮುದುರಲ್ಲ. ಬೇಡವಾ? ಹಾಗಾದರೆ ಮರದ್ದು..."

"ನಮ್ಮ ಹಿತ್ತಲ ಬಾಗಿಲೂ ಮರದ್ದೇ. ಮಳೆಗಾಲದಲ್ಲಿ ಹಾಕಿದರೆ ತೆಗೆಯೋಕಾಗಲ್ಲ, ತೆಗೆದರೆ ಹಾಕೋಕಾಗಲ್ಲ. ಅದನ್ನ ಮೂಗಿನ ಮೇಲೆ ಬೇರೆ ಇಟ್ಕೊಳ್ಳಲಾ?"

ಅಂಗಡಿಯವನು ಬಾಗಿಲ ಕಡೆ ನೋಡಿ, ಗುಟ್ಟಿನ ಮಾತಿಗೆ ಬೇಕಾದಷ್ಟು ಬಗ್ಗಿ, ಕೆಳಗಿನ ಡ್ರಾಯರಿನಿಂದ ಮಖಮಲ್ಲಿನ ಡಬ್ಬಿ ತೆಗೆದ. ಒಳಗೆ ಕಪ್ಪು, ಕಂದು, ಮಧ್ಯೆ ಕೆನೆಬಣ್ಣದ ಗೆರೆ ಹರಿದ, ಕೈಯಿಂದ ತಿಕ್ಕಿ ಮಿರುಗಿಸಿದ ದಪ್ಪ ಫ್ರೇಮು.

"ಕೊಂಬು. ಅಪ್ಪಟ ಎಮ್ಮೆ ಕೊಂಬು. ಒಂದರ ಹಾಗೆ ಇನ್ನೊಂದು ಇರಲ್ಲ. ಜೀವದ ಮೈಯಿಂದ ಬಂದದ್ದು ನೋಡಿ, ನಿಮ್ಮ ಮೈಬಿಸಿ ಹಿಡ್ಕೊಳ್ಳುತ್ತೆ. ಕಣ್ಣಿಗೆ ತಂಪು."

"ಬಿಸಿ ಹಿಡ್ಕೊಂಡರೆ ತಂಪು ಹೇಗೆ?"

"ಅದೇ ಇದರ ವಿಶೇಷ."

ಡಿಗ್ರಿಯಪ್ಪ ಕೊಂಬನ್ನು ಮೂಗಿಗೇರಿಸಿ ಕನ್ನಡಿ ನೋಡಿದ. ಕನ್ನಡಿಯಲ್ಲಿ ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಮಂಜಿನೊಳಗೆ ಯಾರೋ ಒಬ್ಬ ದೊಡ್ಡ ಮನುಷ್ಯ ಕೂತಿದ್ದಂತಿತ್ತು.

"ಬಿಟ್ಟು ಹೋಗಿ. ನಿಮ್ಮ ನಂಬರಿನ ಗಾಜು ತರಿಸಿ ಕೂರಿಸ್ತೀನಿ. ಸೋಮವಾರ ಬನ್ನಿ."

"ಬಿಟ್ಟು ಹೋಗೋದಾ? ನನ್ನ ಷಡ್ಡಕ ಅಲ್ಲಿ ಕೂತಿದ್ದಾನೆ!"

"ಯಜಮಾನ್ರೇ, ಇದರಲ್ಲಿರೋದು ಬರೀ ತೋರಿಕೆಯ ಪ್ಲಾಸ್ಟಿಕ್. ಪವರ್ ಇಲ್ಲ. ಹಾಕೋದೂ ಒಂದೇ ಬಿಡೋದೂ ಒಂದೇ."

"ಗೊತ್ತು ಗೊತ್ತು. ಇವತ್ತು ತೋರಿಸಿ ಬಿಡ್ತೀನಿ. ಸೋಮವಾರ ತಂದುಕೊಡ್ತೀನಿ, ಆಗ ಗಾಜು ಹಾಕಿ."

"ಒಂದೇ ಎಚ್ಚರಿಕೆ. ನಾಯಿ ಬಾಯಿಗೆ ಸಿಗದ ಹಾಗೆ ನೋಡ್ಕೊಳ್ಳಿ," ಎಂದ ಅಂಗಡಿಯವನು.

ಷಡ್ಡಕನ ಜಗಲಿಯಲ್ಲಿ ನಡೆದದ್ದನ್ನು ಡಿಗ್ರಿಯಪ್ಪ ಆಮೇಲೆ ಎಷ್ಟೋ ದಿನ ಮೆಲುಕು ಹಾಕುತ್ತಿದ್ದ. ಷಡ್ಡಕ ಫ್ರೇಮನ್ನು ಕೈಗೆ ತೆಗೆದುಕೊಂಡ, ತೂಗಿದ, ಮೂಸಿದ. ತೋರಿಕೆಯ ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಅಚ್ಚಾಗಿದ್ದ ಸಣ್ಣ ಬಂಗಾರದ ಅಕ್ಷರಗಳನ್ನು ಉಗುರಿನಿಂದ ಕೆರೆದು "ಇದೇನು ಇಲ್ಲಿ?" ಎಂದ.

"ಅದು ಅಸಲಿ ಅನ್ನೋದಕ್ಕೆ ಗುರುತು. ನಿಮ್ಮದರಲ್ಲಿ ಇಲ್ವಾ? ಅಯ್ಯೋ ಪಾಪ. ಅಂದಹಾಗೆ ಷಡ್ಡಕರೇ, ಮೂಗಿನ ಹತ್ತಿರ ಸ್ವಲ್ಪ ಹಸಿರು ಕಟ್ಟಿದ ಹಾಗಿದೆಯಲ್ಲ? ಲೋಹಕ್ಕೆ ಅದೊಂದು ರೋಗವಂತೆ. ಬೆವರು ಒರೆಸ್ಕೊಳ್ತಾ ಇರಿ."

ಅವನಿಗೆ ಷಡ್ಡಕನ ಮೂಗೇ ಸರಿಯಾಗಿ ಕಾಣುತ್ತಿರಲಿಲ್ಲ, ಹಸಿರಂತೂ ದೂರದ ಮಾತು. ಆದರೆ ಷಡ್ಡಕನ ಕೈ ತಟ್ಟನೆ ಮೂಗಿಗೆ ಹೋಯಿತು. ಅಷ್ಟು ಸಾಕಾಯಿತು.

ಊರಿಗೆ ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತು. ಬೆಳಿಗ್ಗೆ ಡೈರಿಯ ಮುಂದೆ ಹಾಲಿಲ್ಲದವರೂ ಬಂದು ನಿಂತಿದ್ದರು.

"ಡಿಗ್ರಿಯಪ್ಪನಿಗೆ ಕೊಂಬು ಬಂತಂತೆ!"

"ಮೊದಲೇ ಇತ್ತು, ಈಗ ಹೊರಗೆ ಕಾಣ್ತಿದೆ ಅಷ್ಟೆ."

ಎಲ್ಲರೂ ಮುಟ್ಟಿ ನೋಡಿದರು. ಒಬ್ಬ ಇದು ಕೋಣದ್ದೆಂದ, ಇನ್ನೊಬ್ಬ ಈದ ಎಮ್ಮೆಯದೇ ಎಂದ. ಅಷ್ಟರಲ್ಲಿ ಹಸು ಕಟ್ಟಿದವರಲ್ಲಿ ಒಬ್ಬನಿಗೆ ಅನುಮಾನ ಹುಟ್ಟಿತು. "ಅಲ್ಲ ಸ್ವಾಮಿ, ಎಮ್ಮೆ ಕೊಂಬಿನೊಳಗಿಂದ ನೋಡಿದರೆ ಹಸುವಿನ ಹಾಲು ತೆಳ್ಳಗೆ ಕಾಣಲ್ವಾ?" ಎಮ್ಮೆ ಕಟ್ಟಿದವರು ರೇಗಿದರು. "ಇಷ್ಟು ದಿನ ಹಾಗಿದ್ದರೆ ಯಾವ ಕೊಂಬಿನಿಂದ ನೋಡ್ತಿದ್ದ? ಈಗ ನ್ಯಾಯ ಸಿಗುತ್ತೆ ಅಂದ ಕೂಡಲೇ ಹೊಟ್ಟೆ ಉರೀತಾ?" ಎರಡು ಪಂಗಡವಾಯಿತು. ಕ್ಯಾನುಗಳು ಒಂದಕ್ಕೊಂದು ತಾಗಿದವು. ಹಸುವಿನವರು ಬಂದಾಗ ಕನ್ನಡಕ ಒರೆಸಿ ಹಾಕಿಕೊಳ್ಳಬೇಕು ಎಂಬ ಒಪ್ಪಂದಕ್ಕೆ ಬಂದ ಮೇಲೆಯೇ ಹಾಲು ಮುಂದೆ ಸಾಗಿದ್ದು. ಕೊಂಬಿಗೆ ಹಾಕಿದ ಗಾಜು ಎಂಥದು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ.

ಅಂದು ಡಿಗ್ರಿಯಪ್ಪ ಕಡ್ಡಿಯ ಕತ್ತಿನತ್ತ ಕೊಂಬನ್ನು ಬಗ್ಗಿಸಿ, ಉಸಿರು ಹಿಡಿದು, ಎಂದಿಲ್ಲದಷ್ಟು ಹೊತ್ತು ನೋಡಿದ. ಮಂಜು, ಮಂಜಿನ ಮಧ್ಯೆ ಬಂಗಾರದ ಒಂದು ಚುಕ್ಕೆ. ತಲೆಯೆತ್ತಿ ಅಧ್ಯಕ್ಷರ ಆಳನ್ನು ನೋಡಿ ಕೂಗಿದ.

"ಮೂವತ್ತೊಂದೂವರೆ!"

ಆ ಡೈರಿಯಲ್ಲಿ ಅಲ್ಲಿಯವರೆಗೆ ಅರ್ಧ ಡಿಗ್ರಿಯನ್ನು ಯಾರೂ ಕಂಡಿರಲಿಲ್ಲ.

"ಅರ್ಧವೂ ಕಾಣ್ತಾ ಇದೆಯಲ್ಲಯ್ಯ!" ಎಂದರು ಜನ. "ಅದಕ್ಕೇ ಅನ್ನೋದು, ವಸ್ತು ಒಳ್ಳೇದಿರಬೇಕು."

ಅಂದಿನಿಂದ ಎಲ್ಲರ ಹಾಲಿಗೂ ಅರ್ಧಗಳು ಅಂಟಿಕೊಂಡವು. ಅಧ್ಯಕ್ಷರಿಗೆ ಬೇಕಾದವರದು ಇಪ್ಪತ್ತೊಂಬತ್ತೂವರೆ. ನಗುವವರದು ಇಪ್ಪತ್ತೆಂಟೂವರೆ. ಕೊನೆಗೆ ಬಂದ ಒಂಟಿ ಹಸುವಿನ ಅಜ್ಜಿಯದು ಮಾತ್ರ ಇಪ್ಪತ್ಮೂರೂವರೆ. ಕಣ್ಣು ಚೆನ್ನಾದ ಮೇಲೆ ಅರ್ಧ ಕಡಿಮೆಯೂ ಕಾಣಬೇಕಲ್ಲ.

"ಲೋ ಮಗಾ," ಎಂದಳು ಅಜ್ಜಿ. "ನನ್ನ ಹಸು ನೀರು ಕುಡಿಯುತ್ತೆ, ನಿಜ. ಆದರೆ ಅದು ಬಾಯಲ್ಲಿ ಕುಡಿಯೋದು ಕಣೋ. ನಾನೇನೂ ಕೆಚ್ಚಲಿಗೆ ತುಂಬಿಸಲ್ಲ."

"ನಾನು ಹೇಳ್ತಿಲ್ಲಜ್ಜೀ, ಕನ್ನಡಕ ಹೇಳ್ತಿದೆ."

"ಹಳೇ ಕಣ್ಣೇ ವಾಸಿ ಇತ್ತಪ್ಪ. ಅರ್ಧ ಜಾಸ್ತಿ ಕೊಡ್ತಿತ್ತು," ಎಂದು ಅವಳು ತಂಬಿಗೆ ತಗೊಂಡು ನಡೆದಳು.

ಮೊದಲ ಸೋಮವಾರ ಡಿಗ್ರಿಯಪ್ಪ ಪೇಟೆಗೆ ಹೋಗುವವನೇ ಇದ್ದ. ಪಕ್ಕದೂರಿನಿಂದ ಯಾರೋ ಕೊಂಬು ನೋಡಲು ಬಂದರು. ಎರಡನೆಯ ಸೋಮವಾರ ಅಧ್ಯಕ್ಷರು ಮನೆಗೆ ಕರೆಸಿ ತಮ್ಮ ನೆಂಟರಿಗೆ ತೋರಿಸಿದರು. ಮೂರನೆಯದರ ಹೊತ್ತಿಗೆ ಗಾಜಿನ ವಿಷಯ ಅವನ ತಲೆಯ ಹಿಂದಿನ ಕೋಣೆಗೆ ಸರಿದು, ಅಲ್ಲಿ ಮುಸುಕೆಳೆದು ಮಲಗಿಬಿಟ್ಟಿತ್ತು. ದಿನವೂ ನಾಲ್ಕು ಜನ "ಈಗ ಎಷ್ಟು ಚೆನ್ನಾಗಿ ಕಾಣುತ್ತೆ ನಿಂಗೆ" ಎನ್ನುತ್ತಿದ್ದರೆ ಒಬ್ಬನೇ ಒಬ್ಬ ಮನುಷ್ಯ ಎಷ್ಟೆಂದು ಇಲ್ಲವೆನ್ನಬಲ್ಲ? ಕಾಣುತ್ತಿದೆ ಎಂದೇ ಅವನಿಗೂ ಅನ್ನಿಸತೊಡಗಿತು. ಕೊಂಬಿನಲ್ಲೇ ಏನೋ ಇರಬೇಕು. ಅಂಗಡಿಯವನೇ ಹೇಳಿರಲಿಲ್ಲವೇ, ಕಣ್ಣಿಗೆ ತಂಪು ಎಂದು?

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. "ರೀ, ಅಂಗಿ ತಿರುವುಮುರುವು ಹಾಕ್ಕೊಂಡಿದ್ದೀರಿ."

"ಒಳಗಿನ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದೆ ಅಂತ ನೋಡೋಕೆ ಹಾಕ್ಕೊಂಡೆ."

"ಹಾಗಾದರೆ ಆ ಕೋಳಿಗೆ ಯಾಕೆ 'ಬನ್ನಿ ಕೂತ್ಕೊಳ್ಳಿ' ಅಂದ್ರಿ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ.

ತಪಾಸಣೆಯ ದಿನ ಬಂತು. ಅಧಿಕಾರಿಗಳು ಜೀಪಿನಿಂದ ಇಳಿದು ಹಾಲಿನ ಕಡೆಗೆ ಹೊರಟವರು, ಡಿಗ್ರಿಯಪ್ಪನ ಮುಖ ಕಂಡು ಅರ್ಧದಲ್ಲೇ ನಿಂತರು. ಅವರ ಮೂಗಿನ ಮೇಲಿದ್ದದ್ದು ಬಿರುಕಿಗೆ ಅಂಟು ಹಚ್ಚಿದ ಪ್ಲಾಸ್ಟಿಕ್ ಕನ್ನಡಕ.

"ಇದು... ಇದೇನ್ರೀ, ಕೊಂಬಾ?"

"ಹೌದು ಸಾರ್. ಅಪ್ಪಟ."

"ನಮ್ಮ ಡೈರೆಕ್ಟರ್ ಸಾಹೇಬರ ಮೂಗಿನ ಮೇಲೆ ಮಾತ್ರ ನೋಡಿದ್ದೆ ನಾನು. ಒಂದು ನಿಮಿಷ ಕೊಡ್ತೀರಾ?" ಎಂದು ತಮ್ಮದನ್ನು ತೆಗೆದು ಇವನದನ್ನು ಹಾಕಿಕೊಂಡರು. ಅವರ ನಂಬರು ದೊಡ್ಡದು. ಪ್ಲಾಸ್ಟಿಕ್ ಕಳಚಿದ ಕೂಡಲೇ ಲೋಕ ಅವರ ಪಾಲಿಗೆ ಕಲಸಿಹೋಗಿರಬೇಕು. ಆದರೂ ಎರಡು ಹೆಜ್ಜೆ ಅತ್ತ ಎರಡು ಹೆಜ್ಜೆ ಇತ್ತ ನಡೆದು, ಕ್ಯಾನೊಂದನ್ನು ಎಡವಿ, ಸುಧಾರಿಸಿಕೊಂಡು, "ಆಹಾ! ಏನು ಸ್ಪಷ್ಟ ರೀ! ಕಣ್ಣು ತಂಪಾಯ್ತು," ಎಂದರು.

"ನಮ್ಮ ಡೈರಿಯಲ್ಲಿ ಅರ್ಧ ಡಿಗ್ರಿಯನ್ನೂ ಬಿಡಲ್ಲ ಸಾರ್," ಎಂದರು ಅಧ್ಯಕ್ಷರು.

"ಬಿಡಬಾರದು. ಇಂಥ ನಿಷ್ಠೆ ನಾನು ಎಲ್ಲೂ ಕಂಡಿಲ್ಲ. ವಾರ್ಷಿಕ ಸಭೆಯಲ್ಲಿ ಇವರಿಗೆ ಸನ್ಮಾನ ಮಾಡಿ. ನಾನೇ ಬರ್ತೀನಿ." ಹಾಲನ್ನು ನೋಡದೆಯೇ ತಪಾಸಣೆ ಮುಗಿಯಿತು. ಅಕ್ಕನ ಮಗ ಮನೆಯಲ್ಲೇ ಉಳಿದ.

ಸಭೆಯ ಹಿಂದಿನ ದಿನ ಹೆಂಡತಿ ಬಟ್ಟೆ ತರಲು ಪೇಟೆಗೆ ಹೋಗಿದ್ದಳು. ಕನ್ನಡಕದಂಗಡಿಯವನು ಮೆಟ್ಟಿಲ ಮೇಲೆ ನಿಂತೇ ಕೂಗಿದ. "ಅಮ್ಮಾ, ನಿಮ್ಮ ಯಜಮಾನ್ರ ಗಾಜು ಬಂದು ಧೂಳು ಹಿಡೀತಾ ಇದೆ. ಸೋಮವಾರ ಅಂದವರು ಯಾವ ವರ್ಷದ ಸೋಮವಾರ ಅಂತ ಹೇಳಲಿಲ್ಲ."

"ಗಾಜಾ? ಹಾಗಾದರೆ ಈಗ ಇರೋದು?"

ಅಂಗಡಿಯವನು ಹೇಳಿದ. ಅವಳು ಕೇಳಿಸಿಕೊಂಡಳು. ಅವಳು ಕೂಗಾಡುವ ಹೆಂಗಸಲ್ಲ. ಬಸ್ಸು ಹತ್ತಿ ಊರಿಗೆ ಬಂದಳು. ಗಂಡ ಊಟವಾಗಿ ಗೊರಕೆ ಹೊಡೆಯುತ್ತಿದ್ದ. ಮೊಳೆಗೆ ನೇತುಹಾಕಿದ್ದ ಕೊಂಬನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಬಸ್ಸಿಗೇ ಮತ್ತೆ ಪೇಟೆಗೆ ಹೋದಳು. ಸಂಜೆ ಅವನು ಎದ್ದು ಬಾಯಿ ತೊಳೆಯುವ ಹೊತ್ತಿಗೆ ಕೊಂಬು ಮೊಳೆಯ ಮೇಲೆ ತನ್ನ ಜಾಗದಲ್ಲೇ ಇತ್ತು.

ಮರುದಿನ ಡೈರಿಯ ಮುಂದೆ ಶಾಮಿಯಾನ, ಮೈಕು, ಸಾಲುಕುರ್ಚಿ. ಮುಂದಿನ ಸಾಲಿನಲ್ಲಿ, ಮನಸ್ಸಿಲ್ಲದಿದ್ದರೂ ಹೆಂಡತಿಯ ಒತ್ತಾಯಕ್ಕೆ ಬಂದ ಷಡ್ಡಕ. ಸಭೆಯಿದ್ದುದರಿಂದ ಬೆಳಗಿನ ಹಾಲಿನ ಪರೀಕ್ಷೆ ಮುಂದಕ್ಕೆ ಹೋಗಿತ್ತು, ಕೊಂಬಿಗೂ ಅಲ್ಲಿಯವರೆಗೆ ಕೆಲಸವಿರಲಿಲ್ಲ. ಡಿಗ್ರಿಯಪ್ಪ ವೇದಿಕೆ ಹತ್ತಿ, ಜೇಬಿನಿಂದ ಕೊಂಬು ತೆಗೆದು ಏರಿಸಿಕೊಂಡ. ಏರಿಸಿಕೊಂಡವನು ಕಣ್ಣು ಪಿಳಿಪಿಳಿ ಮಾಡಿದ. ಬಿಸಿಲು ಇವತ್ತು ಒಂದು ಥರ ಚುರುಕಾಗಿದೆ ಎನ್ನಿಸಿತು. ಅಧ್ಯಕ್ಷರ ಕೆನ್ನೆಯ ಮೇಲೆ ದಿನವೂ ಇರುತ್ತಿದ್ದ ಬಂಗಾರದ ಚುಕ್ಕೆ ಇರಲಿಲ್ಲ. ಅದರ ಬದಲು ಮೀಸೆಯ ಬುಡದಲ್ಲಿ ಬಣ್ಣ ತಾಗದೆ ಉಳಿದ ಬಿಳಿ ಕೂದಲು ಒಂದೊಂದಾಗಿ ಕಾಣುತ್ತಿತ್ತು. ಷಡ್ಡಕನ ಮೂಗಿನ ಮೇಲೆ ಹಸಿರು. ಸುಳ್ಳೇ ಹೇಳಿದ್ದು ನಿಜವಾಗಿತ್ತಲ್ಲ ಎಂದು ಅವನಿಗೆ ರೋಮಾಂಚನವಾಯಿತು. ಸನ್ಮಾನದ ಖುಷಿಗೆ ಹೀಗೆಲ್ಲ ಆಗುತ್ತದೇನೋ ಎಂದುಕೊಂಡ.

ಅಧಿಕಾರಿಗಳು ಮೈಕು ಹಿಡಿದರು. "ಮಾತು ಬೇಡ, ಕೆಲಸ ನೋಡೋಣ. ಇಲ್ಲೇ, ಎಲ್ಲರ ಮುಂದೆ ಒಂದು ಪರೀಕ್ಷೆ ಮಾಡಿ ತೋರಿಸಲಿ. ಅಧ್ಯಕ್ಷರೇ, ನಿಮ್ಮ ಹಾಲೇ ಆಗಲಿ. ಜೊತೆಗೆ ತೀರಾ ಕಳಪೆಯದೊಂದು ತನ್ನಿ. ವ್ಯತ್ಯಾಸ ಜನಕ್ಕೆ ಗೊತ್ತಾಗಲಿ."

ತೀರಾ ಕಳಪೆಯದು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಜ್ಜಿ ತಂಬಿಗೆ ಹಿಡಿದು ಬಂದು ನಿಂತಳು. ಎರಡು ಜಾಡಿ, ಎರಡರಲ್ಲೂ ಹಾಲು. ಡಿಗ್ರಿಯಪ್ಪ ಅಧ್ಯಕ್ಷರ ಜಾಡಿಗೆ ಕಡ್ಡಿ ಇಳಿಬಿಟ್ಟು, ಕೊಂಬು ಬಗ್ಗಿಸಿ ನೋಡಿದ.

ಇರುವೆ ಕಾಲುಗಳು ಒಂದೊಂದೂ ಕಡ್ಡಿಯ ಮೇಲೆ ಎದ್ದು ನಿಂತಿದ್ದವು. ವರ್ಷಗಳ ಹಿಂದೆ ಮರೆತ ಮುಖವನ್ನು ಸಂತೆಯಲ್ಲಿ ಕಂಡಂತಾಗಿ, ಅವನ ಬಾಯಿ ಅವನನ್ನು ಕೇಳದೆಯೇ ಕೂಗಿಬಿಟ್ಟಿತು.

"ಇಪ್ಪತ್ತೆರಡು!"

ಮೈಕು ಆ ಅಂಕಿಯನ್ನು ಊರ ಕೊನೆಯ ಕೊಟ್ಟಿಗೆಯವರೆಗೂ ಮುಟ್ಟಿಸಿತು. ಕೂಗಿದ ಲಹರಿಯಲ್ಲೇ ಅವನು ಅದೇ ಕಡ್ಡಿಯನ್ನು ಅಜ್ಜಿಯ ಜಾಡಿಗೂ ಇಳಿಬಿಟ್ಟು ಬಗ್ಗಿದ.

"ಮೂವತ್ತೊಂದು! ಅರ್ಧ ಗಿರ್ಧ ಏನಿಲ್ಲ, ಸರಿಯಾಗಿ ಮೂವತ್ತೊಂದು!"

ಆಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಗೊತ್ತಾಯಿತು. ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದ. ತಡವಾಗಿತ್ತು.

ಅಧ್ಯಕ್ಷರು ಎದ್ದರು. ಅವರ ಜೊತೆ ಅವರಿಗೆ ಬೇಕಾದವರೂ ಎದ್ದರು. ಬಗ್ಗಿ ಜಾಡಿ ನೋಡುವುದಕ್ಕೆ ಎರಡು ಹೆಜ್ಜೆ ಸಾಕಿತ್ತು. ಯಾರೂ ಇಡಲಿಲ್ಲ.

"ಕನ್ನಡಕ ಕೆಟ್ಟಿದೆ!" ಎಂದಿತು ಒಂದು ದನಿ.

"ಕೊಂಬಲ್ವಾ, ತೇವಕ್ಕೆ ಉಬ್ಬಿರಬೇಕು."

"ನಾನು ಅವತ್ತೇ ಹೇಳಿದೆ, ಎಮ್ಮೆ ಕೊಂಬಿಗೆ ಹಸುವಿನ ಹಾಲು ಕಂಡರಾಗಲ್ಲ ಅಂತ!"

"ಅಜ್ಜಿಯದೂ ಹಸುವಿನದೇ ಅಲ್ವೇನೋ ದಡ್ಡ?"

"ಲೋಹದ್ದಾಗಿದ್ದರೆ ಹೀಗಾಗ್ತಿರಲಿಲ್ಲ," ಎಂದ ಷಡ್ಡಕ ಎದ್ದು ನಿಂತು, ಮೂಗಿನ ಹಸಿರನ್ನು ಒರೆಸಿಕೊಳ್ಳುತ್ತ. "ಲೋಹ ಸುಳ್ಳು ಹೇಳಲ್ಲ." ಟೈಟಾನಿಯಂ ಬಗ್ಗೆ ಎಲ್ಲೋ ಓದಿದವನೊಬ್ಬ ಮಾತಾಡಿದ. ಮರಗೆಲಸದವನು ಮರವೇ ಸರಿ ಎಂದ. ಅರ್ಧ ಗಂಟೆ ಶಾಮಿಯಾನದ ಕೆಳಗೆ ಕನ್ನಡಕದ ಫ್ರೇಮು ಯಾವುದರಿಂದ ಮಾಡಿದ್ದಿರಬೇಕೆಂದು ಭಾರಿ ಚರ್ಚೆ ನಡೆಯಿತು. ಎರಡು ಜಾಡಿಗಳಲ್ಲಿ ಎರಡು ಹಾಲು, ಒಂದರಲ್ಲಿ ಕಡ್ಡಿ, ಮೇಜಿನ ಮೇಲೆ ಹಾಗೇ ಇದ್ದವು. ಕೊನೆಗೆ ಅಧಿಕಾರಿಗಳು ತೀರ್ಪು ಕೊಟ್ಟರು. "ಕೊಂಬು ಜೈವಿಕ ವಸ್ತು. ಹವಾಮಾನಕ್ಕೆ ಬದಲಾಗುತ್ತೆ. ಮೊನ್ನೆ ಸರಿ ಇತ್ತು, ನಾನೇ ನೋಡಿದ್ದೇನೆ. ಇವತ್ತು ಕೆಟ್ಟಿದೆ."

ಆಗ ಹೆಂಗಸರ ಸಾಲಿನಿಂದ ಡಿಗ್ರಿಯಪ್ಪನ ಹೆಂಡತಿ ಎದ್ದಳು.

"ಕೊಂಬಿಗೇನೂ ಆಗಿಲ್ಲ ಸಾರ್. ಮೊನ್ನೆವರೆಗೆ ಅದರಲ್ಲಿ ಗಾಜೇ ಇರಲಿಲ್ಲ, ಬರೀ ತೋರಿಕೆ ಪ್ಲಾಸ್ಟಿಕ್ ಇತ್ತು. ನಿನ್ನೆ ನಾನು ಹೋಗಿ ಡಾಕ್ಟರು ಬರೆದ ಗಾಜು ಹಾಕಿಸ್ಕೊಂಡು ಬಂದೆ. ಇಷ್ಟು ವರ್ಷದಲ್ಲಿ ಇವತ್ತೇ ಇವರಿಗೆ ಕಣ್ಣು ಕಂಡಿದ್ದು."

ಅಧಿಕಾರಿಗಳು ತಾವು ಅಂದು 'ಆಹಾ' ಎಂದದ್ದನ್ನು ನೆನೆದು ತಮ್ಮ ಪ್ಲಾಸ್ಟಿಕ್ ಕನ್ನಡಕವನ್ನು ಒರೆಸತೊಡಗಿದರು. ಮೊದಲು ಚೇತರಿಸಿಕೊಂಡವರು ಅಧ್ಯಕ್ಷರು. ಅವರು ಅಧ್ಯಕ್ಷರಾಗಿದ್ದು ಸುಮ್ಮನೆ ಅಲ್ಲ.

"ನೋಡಿದ್ರಾ! ನಾನು ಹೇಳಲಿಲ್ವಾ? ನಿನ್ನೆವರೆಗೆ ಎಲ್ಲ ಸರಿ ಇತ್ತು. ಗಾಜು ಹಾಕಿಸಿದರು, ಕೆಟ್ಟಿತು. ದೋಷ ಕೊಂಬಿನಲ್ಲಿಲ್ಲ, ಗಾಜಿನಲ್ಲಿದೆ!"

"ಹೌದು ಹೌದು," ಎಂದು ಅಧಿಕಾರಿಗಳೂ ಉಸಿರು ಬಿಟ್ಟರು. "ಗಾಜಿನದೇ."

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಡಿಗ್ರಿಯಪ್ಪನ ಹತ್ತಿರ ಬಂದು, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು. "ನಾಳೆ ಬೆಳಿಗ್ಗೆ ನನ್ನ ಕ್ಯಾನು ಬರುತ್ತೆ. ಅಷ್ಟರಲ್ಲಿ ಆ ಗಾಜು ತೆಗೆಸಿರಬೇಕು. ಇಲ್ಲ ಅಂದ್ರೆ ಗೊತ್ತಲ್ಲ, ನಮ್ಮ ಅಕ್ಕನ ಮಗ ಇನ್ನೂ ಮನೇಲೇ ಇದ್ದಾನೆ."

ಮನೆಯಲ್ಲಿ ಹೆಂಡತಿ ಇನ್ನೂ ಮೆಲ್ಲಗೆ ಹೇಳಿದಳು. "ಗಾಜು ತೆಗೆಸಿದರೆ ಕೊಂಬನ್ನ ಆ ಬೀದಿ ನಾಯಿಗೆ ಹಾಕ್ತೀನಿ. ನೆನಪಿರಲಿ."

ಬೆಳಗಾಯಿತು. ಡಿಗ್ರಿಯಪ್ಪ ಕುಂಟು ಸ್ಟೂಲಿನ ಮೇಲೆ ಕೂತಿದ್ದ. ಮೂಗಿನ ಮೇಲೆ ಕೊಂಬು, ಕೊಂಬಿನಲ್ಲಿ ಗಾಜು. ಅಧ್ಯಕ್ಷರು ಆಳನ್ನು ಕಳಿಸದೆ ತಾವೇ ಕ್ಯಾನಿನ ಹಿಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಡಿಗ್ರಿಯಪ್ಪ ಹಾಲು ಸುರಿದುಕೊಂಡ, ಕಡ್ಡಿ ಇಳಿಬಿಟ್ಟ. ಬಗ್ಗಬೇಕು. ಬಗ್ಗಿದರೆ ಕಾಣುತ್ತದೆ. ಕಂಡರೆ ಈ ಬಾಯಿ ಸುಮ್ಮನಿರುವುದಿಲ್ಲ. ಹಣೆಯಲ್ಲಿ ಬೆವರು ಹನಿಯಿತು. ಬೆವರು ಒರೆಸಲು ಎತ್ತಿದ ಕೈ, ಒರೆಸುವ ಬದಲು ಕೊಂಬನ್ನೇ ಹಿಡಿದು ಮೇಲಕ್ಕೆ, ತಲೆಯ ಮೇಲಕ್ಕೆ ಸರಿಸಿಬಿಟ್ಟಿತು. ಲೋಕ ಮಂಜಾಯಿತು. ಎದೆ ಹಗುರಾಯಿತು.

"ಮೂವತ್ತೊಂದೂವರೆ!"

"ಹಾಂ!" ಎಂದರು ಅಧ್ಯಕ್ಷರು ಸುತ್ತ ನೋಡಿ. "ಮರ್ಯಾದೆ ಅಂದ್ರೆ ಇದು. ದೊಡ್ಡವರ ಮುಂದೆ ಕನ್ನಡಕ ತೆಗೀಬೇಕು ಅಂತ ಯಾರೂ ಹೇಳಿಕೊಡಲಿಲ್ಲ ಅವನಿಗೆ, ತಾನಾಗೇ ಬಂತು ನೋಡಿ."

ಅಂದಿನಿಂದ ಅದೇ ರೂಢಿಯಾಯಿತು. ದೊಡ್ಡ ಕ್ಯಾನುಗಳು ಬಂದಾಗ ಕೊಂಬು ತಲೆಗೇರುತ್ತದೆ. ಅವರಿಗೆ ಬೇಕಾದವರು ಬಂದಾಗಲೂ ಅಲ್ಲೇ ಇರುತ್ತದೆ. ಗಾಜು ತೆಗೆಸಲಿಲ್ಲವೆಂದು ಹೆಂಡತಿಗೆ ಸಮಾಧಾನ, ಹಾಕಿಕೊಳ್ಳುವುದಿಲ್ಲವೆಂದು ಅಧ್ಯಕ್ಷರಿಗೆ ಸಮಾಧಾನ. ಅಧಿಕಾರಿಗಳಂತೂ ಬೇರೆ ಊರಿನ ಡೈರಿಗಳಿಗೂ ಹೋಗಿ ಇದನ್ನೇ ಮಾದರಿ ಎಂದು ಹೇಳುತ್ತಿದ್ದಾರಂತೆ.

ಸಾಲು ಕರಗಿ ಜಗಲಿ ಖಾಲಿಯಾಗುವ ಹೊತ್ತಿಗೆ ಒಂಟಿ ಹಸುವಿನ ಅಜ್ಜಿ ಬರುತ್ತಾಳೆ. ತಂಬಿಗೆ ಕೆಳಗಿಟ್ಟು, ಅವನ ತಲೆಯ ಮೇಲೆ ಕೂತ ಕೊಂಬನ್ನು ನೋಡಿ ಬಾಯಿ ಚಪ್ಪರಿಸುತ್ತಾಳೆ.

"ಅಲ್ಲಿದ್ದಾಗ ಅದು ಯಾರನ್ನೂ ಹಾಯಲ್ಲ ಕಣೋ ಮಗಾ. ಎಲ್ಲರೂ ಹೋದರು. ಈಗ ಮೂಗಿಗೆ ಇಳಿಸು, ನನ್ನ ಸರದಿ."

ಡಿಗ್ರಿಯಪ್ಪ ಅತ್ತಿತ್ತ ನೋಡಿ, ಕೊಂಬನ್ನು ಇಳಿಸಿಕೊಂಡು, ಮೂವತ್ತೊಂದು ಎನ್ನುತ್ತಾನೆ. ಆದರೆ ಕೂಗುವುದಿಲ್ಲ.